ಇಲ್ಲಿ ಯಾರು ಓಡಾಡುತ್ತಾರೆ?

ಸೋಮವಾರ ಬೆಳಿಗ್ಗೆ ಐದೂವರೆಗೆ, ರೇಡಿಯೇಟರ್‌ಗಳಿಗೆ ನೀರು ಕಾಯಿಸಿ ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ಗೊಟಗೊಟ ಸದ್ದು ಮಾಡಿ ನಿಂತುಹೋಯಿತು. ಹೊರಗೆ ಮೈನಸ್ ಆರು. ಲೀಡ್ಸ್‌ನ ನಮ್ಮ ಹಳೆಯ ಸಾಲುಮನೆಯಲ್ಲಿ ರೇಡಿಯೇಟರ್ ತಣ್ಣಗಾದರೆ ಚಳಿ ಗೋಡೆಯಿಂದಲೇ ಇಳಿಯುತ್ತದೆ. ಮಗಳಿಗೆ ಎರಡು ಸ್ವೆಟರ್ ಹಾಕಿ ಶಾಲೆಗೆ ಕಳುಹಿಸಿ, ಗ್ಯಾಸ್ ಕೆಲಸದವರಿಗೆ ಫೋನ್ ಮಾಡಿದೆ.

ಮಧ್ಯಾಹ್ನ ಬಂದವರಿಗೆ ಅರವತ್ತು ದಾಟಿತ್ತು. ಬಾಗಿಲಲ್ಲೇ ಗ್ಯಾಸ್ ಸೇಫ್ ನೋಂದಣಿಯ ಕಾರ್ಡ್ ತೋರಿಸಿದರು. ಸದ್ದು ಹೇಗಿತ್ತೆಂದು ಕೇಳಿಕೊಂಡು, ಬಾಯ್ಲರಿನ ಮುಚ್ಚಳ ತೆಗೆಯದೆ ನೇರವಾಗಿ ಹೊರಗೆ ಗಿನ್ನೆಲ್‌ಗೆ ನಡೆದರು. ಎರಡು ಮನೆಗಳ ನಡುವಿನ ಓಣಿಗೆ ಇಲ್ಲಿನವರ ಹೆಸರು ಅದು. ಒಂದು ಹೂಜಿ ಬಿಸಿನೀರು ಕೇಳಿದರು. ‘ಕುದಿಯುವುದು ಬೇಡ’ ಎಂದರು. ಗೋಡೆಯ ಮೇಲಿನ ಬಿಳಿ ಪ್ಲಾಸ್ಟಿಕ್ ಪೈಪಿನ ಮೇಲೆ ಅದನ್ನು ನಿಧಾನವಾಗಿ ಸುರಿದಾಗ, ಹೆಬ್ಬೆರಳು ಗಾತ್ರದ ಮಂಜುಗಡ್ಡೆ ಜಾರಿ ನೆಲಕ್ಕೆ ಬಿತ್ತು.

ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಹಳೆಯ ಬಾಯ್ಲರ್‌ಗಳು ಅದನ್ನು ಹೊಗೆಯ ಜೊತೆ ಹೊರಗೆ ಬಿಟ್ಟುಬಿಡುತ್ತಿದ್ದವು. ಈಗಿನವು ಆ ಆವಿಯ ಶಾಖವನ್ನೂ ಹಿಂಡಿಕೊಳ್ಳುವುದರಿಂದ ಆವಿ ನೀರಾಗುತ್ತದೆ. 2005ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳೆಲ್ಲ ಹೆಚ್ಚುಕಡಿಮೆ ಈ ಬಗೆಯವೇ. ಆ ನೀರು ಹುಳಿ. ತಾಮ್ರವನ್ನು ತಿನ್ನುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಪೈಪು. ಹೊರಗೆ ತರುವುದಾದರೆ ಕನಿಷ್ಠ 32 ಮಿಲಿಮೀಟರ್ ಅಗಲದ ಪೈಪು ಬೇಕು, ಚಳಿ ತಾಗದಂತೆ ಹೊದಿಕೆ ಬೇಕು, ಮೀಟರಿಗೆ ಐದು ಸೆಂಟಿಮೀಟರಿನಷ್ಟು ವಾಟ ಬೇಕು. ನಮ್ಮದು ಸಣ್ಣ ಪೈಪು, ಬರಿಮೈ, ವಾಟವೇ ಇಲ್ಲ. ನಿಂತ ನೀರು ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು, ಹೊಸ ನೀರು ಹೊರಗೆ ಹೋಗಲಾಗದೆ ಬಾಯ್ಲರ್ ನಿಂತಿತ್ತು. 2010ರ ಡಿಸೆಂಬರಿನ ಚಳಿಯಲ್ಲಿ ಇಂಥ ಪೈಪುಗಳನ್ನು ಕರಗಿಸುತ್ತಲೇ ತಿಂಗಳು ಕಳೆದೆ ಎಂದರು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಅವರು ಮಾತ್ರ ಅಲ್ಲೇ ಮಂಡಿಯೂರಿ, ಪಕ್ಕದಲ್ಲಿ ಗೋಡೆಯಿಂದ ನೇರವಾಗಿ ಚಾಚಿದ್ದ ಇನ್ನೊಂದು ಪೈಪನ್ನು ನೋಡುತ್ತಿದ್ದರು. ಗೇಣುದ್ದದ ತಾಮ್ರದ ಕೊಳವೆ, ಕೆಳಗಿನ ಇಟ್ಟಿಗೆಯ ಮೇಲೆ ಹಸಿರು ಕಲೆ. ನನ್ನ ಕಡೆ ತಿರುಗಿ ಕೇಳಿದರು: ‘ಇಲ್ಲಿ ಯಾರು ಓಡಾಡುತ್ತಾರೆ, ಲವ್?’

‘ಲವ್’ ಎನ್ನುವುದು ಇಲ್ಲಿನ ಹಿರಿಯರ ವಾಡಿಕೆ. ನಮ್ಮ ಕಡೆಯ ‘ತಾಯಿ’ ಇದ್ದಂತೆ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ಹೊರಟಾಗ ನನ್ನ ಬಾಯಿ ಒಣಗಿತು. ಆ ಕೊಳವೆಯ ಕೆಳಗೆ ನನ್ನ ಒಂಬತ್ತು ವರ್ಷದ ಮಗಳ ಸೈಕಲ್ ಒರಗಿತ್ತು. ಕೊಳವೆಯ ಬಾಯಿ ಅವಳ ಕೆನ್ನೆಯ ಮಟ್ಟಕ್ಕಿತ್ತು. ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಕಸದ ಡಬ್ಬಿ ಎಳೆದೊಯ್ಯುವುದೂ ಇದೇ ದಾರಿಯಲ್ಲಿ.

ಬಾಯ್ಲರಿನೊಳಗೆ ನೀರಿನ ಒತ್ತಡ 3 ಬಾರ್ (ಒತ್ತಡದ ಅಳತೆ) ಮುಟ್ಟಿದರೆ ಒಂದು ವಾಲ್ವ್ ತೆರೆದುಕೊಂಡು ಆ ಕೊಳವೆಯಿಂದ ನೀರು ಹೊರಗೆ ಚಿಮ್ಮುತ್ತದೆ. ಎಪ್ಪತ್ತು ಡಿಗ್ರಿ ಕಾದಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದಲೇ ಕೊಳವೆಯನ್ನು ಕೆಳಕ್ಕೆ ಇಳಿಸಿ, ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಬೇಕು. ಕಾದು ಹಿಗ್ಗುವ ನೀರಿಗೆ ಜಾಗ ಕೊಡಲು ಗಾಳಿ ತುಂಬಿಟ್ಟ ವಿಸ್ತರಣಾ ತೊಟ್ಟಿಯೊಂದು ಬಾಯ್ಲರಿನಲ್ಲಿರುತ್ತದೆ. ನಮ್ಮದರಲ್ಲಿ ಆ ಗಾಳಿ ಸೋರಿಹೋಗಿ, ನೀರು ಕಾದಾಗಲೆಲ್ಲ ಒತ್ತಡ ಏರಿ ವಾಲ್ವ್ ತೊಟ್ಟಿಕ್ಕುತ್ತಿತ್ತಂತೆ. ಗೇಜಿನ ಮುಳ್ಳು ಇಳಿದಿದೆಯೆಂದು ಹದಿನೈದು ದಿನಕ್ಕೊಮ್ಮೆ ಒಂದೂವರೆ ಬಾರ್‌ಗೆ ನೀರು ತುಂಬುತ್ತಿದ್ದವಳು ನಾನೇ. ಆ ನೀರು ಎಲ್ಲಿಗೆ ಹೋಗುತ್ತಿದೆಯೆಂದು ಒಂದು ದಿನವೂ ಹೊರಗೆ ಬಂದು ನೋಡಲಿಲ್ಲ.

ಈ ಬಾಯ್ಲರನ್ನು ಕೂರಿಸಿದವನ ಮೇಲೆ ನನಗೆ ಕೋಪವಿದೆ. ಅವನಿಗೆ ಕೈಗುಣ ಇರಲಿಲ್ಲ ಎನ್ನುವಂತಿಲ್ಲ. ಅಡುಗೆಮನೆಯೊಳಗೆ ಅವನು ಎಳೆದ ಪೈಪುಗಳು ನೂಲು ಹಿಡಿದಂತಿವೆ, ಬೆಸುಗೆಯಲ್ಲಿ ಒಂದು ಹನಿ ಹೆಚ್ಚಿಲ್ಲ. ಗೋಡೆ ದಾಟಿದ್ದೇ ತಡ, ಅವನ ಶ್ರದ್ಧೆ ಮುಗಿದಿದೆ. ಹಣ ಕೊಡುವವರ ಕಣ್ಣು ಬೀಳುವಷ್ಟು ದೂರ ಮಾತ್ರ ಅವನು ಒಳ್ಳೆಯ ಕೆಲಸಗಾರ.

ಆದರೆ ಈ ವಾರವೆಲ್ಲ ಆ ಪ್ರಶ್ನೆ ನನ್ನನ್ನು ಅವನಿಗಿಂತ ದೂರಕ್ಕೆ ಎಳೆದುಕೊಂಡು ಹೋಗಿದೆ. ಬೆಂಗಳೂರಿನಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಬಚ್ಚಲಿಗೆ ನೆಲದಿಂದ ಮಾಡಿನವರೆಗೆ ಹೊಳೆಯುವ ಟೈಲ್ಸ್. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಾಗ ಟಿವಿಯ ಮುಂದೆ ಕುಳಿತು ಬೈದೆವು. ನಮ್ಮ ಸೋಪಿನ ನೀರು ಎಲ್ಲಿಗೆ ಹೋಗುತ್ತಿದೆಯೆಂದು ಆ ಕಟ್ಟಡದಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ತೀರ್ಥಹಳ್ಳಿಯ ಹತ್ತಿರದ ನಮ್ಮೂರ ಮನೆಯಲ್ಲಿ ಬಚ್ಚಲ ನೀರು ಹಿತ್ತಿಲ ಬಾಳೆಗೆ ಹರಿಯುತ್ತಿತ್ತು. ಬಸಿದ ಬಿಸಿ ಗಂಜಿ ಚೆಲ್ಲುವ ಮೊದಲು ಅಮ್ಮ ಕಿಟಕಿಯಿಂದ ಇಣುಕುತ್ತಿದ್ದಳು. ಬಾಳೆಬುಡದಲ್ಲಿ ಕರು ಮಲಗಿದ್ದರೆ ಪಾತ್ರೆ ಹಿಡಿದುಕೊಂಡೇ ನಿಲ್ಲುತ್ತಿದ್ದಳು. ಅವಳಿಗೆ ಅದನ್ನು ಯಾವ ನಿಯಮಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ‘ಇಲ್ಲಿ ಯಾರು ಓಡಾಡುತ್ತಾರೆ?’ ಎಂದು ಮಂಡಿಯೂರಿ ಕೇಳಿದ ಮನುಷ್ಯನಲ್ಲಿ ನಾನು ಕಂಡದ್ದು ಆ ಇಣುಕುನೋಟವನ್ನೇ.

ಗುರುವಾರ ಅವರು ಮತ್ತೆ ಬಂದರು. ಹುಳಿ ನೀರಿನ ಪೈಪನ್ನು ಹೊರಗೆ ತರದೆ ಒಳಗಿನಿಂದಲೇ ಅಡುಗೆಮನೆಯ ಸಿಂಕಿನ ಕೊಳವೆಗೆ ಸೇರಿಸಿದರು. ತೊಟ್ಟಿಗೆ ಗಾಳಿ ತುಂಬಿ, ವಾಲ್ವ್ ಬದಲಿಸಿದರು. ತಾಮ್ರದ ಕೊಳವೆಯನ್ನು ನೆಲದ ಹತ್ತಿರಕ್ಕೆ ಇಳಿಸಿ ಬಾಯಿಯನ್ನು ಇಟ್ಟಿಗೆಯ ಕಡೆಗೆ ಬಗ್ಗಿಸಿದರು. ಹೊರಡುವ ಮೊದಲು ಸೈಕಲ್ಲನ್ನು ತಾವೇ ಎತ್ತಿ ಎದುರು ಗೋಡೆಗೆ ಒರಗಿಸಿದರು.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ‘ಬೆಂಕಿಯಿಂದ ನೀರು ಬರುತ್ತದೆಯೇ? ಅದೂ ಹುಳಿಯೇ?’ ಎಂದು ಎರಡೆರಡು ಸಲ ಕೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಕ್ಕದ ಮನೆಯ ಅಜ್ಜಿಗೆ ತಿಳಿಸಿದೆಯಾ?’ ಎಂದಳು.

ತಿಳಿಸಿರಲಿಲ್ಲ. ಫೋನ್ ಇಟ್ಟು, ಕೋಟು ಹಾಕಿಕೊಂಡು ಹೋಗಿ ಅವರ ಬಾಗಿಲು ತಟ್ಟಿದೆ.