ಪದವಿನ ಇಳಿಜಾರಿಗೆ ಮೊದಲ ಸೈಕಲ್: 80 ಸಾವಿರದ ಲೆಕ್ಕ ಎಲ್ಲಿಗೆ ಬಂತು

ಡೌನ್‌ಹಿಲ್ ಸೈಕಲ್ ಬೇಡ, ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಹಾರ್ಡ್‌ಟೇಲ್ ಸಾಕು. ಇಷ್ಟು ತೀರ್ಮಾನವಾಗಿದೆ. ಅಸಲಿ ಡೌನ್‌ಹಿಲ್ ಸೈಕಲಿಗೆ ಹಿಂದೆ ಮುಂದೆ ಸುಮಾರು 200 ಮಿ.ಮೀ. ಸಸ್ಪೆನ್ಶನ್ ಇರುತ್ತದೆ, ಲಿಫ್ಟಿನಲ್ಲೋ ಜೀಪಿನಲ್ಲೋ ಮೇಲೆ ಹೋಗಿ ಇಳಿಯುವವರಿಗೆ ಅದು. ಮಂಗಳೂರು, ಉಡುಪಿ ಸುತ್ತಿನ ಮುರಕಲ್ಲಿನ ಪದವುಗಳಲ್ಲಿ (ಗುಡ್ಡದ ಮೇಲಿನ ಬಯಲುಗಳಲ್ಲಿ) ಇಳಿಜಾರು ಬೇಗ ಮುಗಿಯುತ್ತದೆ, ಮತ್ತೆ ಮೇಲಕ್ಕೆ ತುಳಿದೇ ಹತ್ತಬೇಕು.

ಅಗ್ಗದ ‘ಡಬಲ್ ಶಾಕ್’ ಸೈಕಲ್‌ಗಳು ಪಟ್ಟಿಯಿಂದ ಮೊದಲೇ ಹೊರಗೆ. ಅವುಗಳ ಹಿಂದಿನ ಶಾಕ್‌ನಲ್ಲಿ ಬರೇ ಸ್ಪ್ರಿಂಗ್ ಉಂಟು, ಚಿಮ್ಮುವ ಜೋರು ತಗ್ಗಿಸುವ ಡ್ಯಾಂಪಿಂಗ್ ಇಲ್ಲ. ಗುಂಡಿಗೆ ಬಿದ್ದಾಗ ಕುಗ್ಗಿದ್ದು ಅಷ್ಟೇ ಜೋರಾಗಿ ಚಿಮ್ಮಿ ಸವಾರನನ್ನು ಹ್ಯಾಂಡಲ್ ಮೇಲೆ ದೂಡುತ್ತದೆ.

ಹಂಚಿಕೆ: ಸೆಕೆಂಡ್‌ಹ್ಯಾಂಡ್ ಸೈಕಲಿಗೆ 55, ಹೆಲ್ಮೆಟ್ ಮತ್ತು ಮೊಣಕಾಲು ಪ್ಯಾಡಿಗೆ 15, ಟೈರು-ಸರ್ವಿಸಿಗೆ 10 ಸಾವಿರ. ಹೆಲ್ಮೆಟ್ ಗಲ್ಲವನ್ನೂ ಮುಚ್ಚುವ ಫುಲ್‌ಫೇಸ್, ಡೌನ್‌ಹಿಲ್ ಸೈಕಲ್ ಹೆಲ್ಮೆಟಿನ ಮಾನದಂಡವಾದ ಎಎಸ್‌ಟಿಎಂ ಎಫ್1952 ಮುದ್ರೆ ಇರುವುದೇ. ಮೋಟಾರ್‌ಬೈಕಿನದ್ದನ್ನು ಹಾಕಿ ತುಳಿದರೆ ನಮ್ಮ ಸೆಕೆಗೆ ಬೆವರಿಳಿದೇ ಸಾಕಾಗುತ್ತದೆ.

ಫ್ರೇಮಿನಲ್ಲಿ ಟೇಪರ್ಡ್ ಹೆಡ್‌ಟ್ಯೂಬ್ (ಫೋರ್ಕ್ ಕೂರುವ, ಕೆಳಗೆ ಅಗಲವಾಗುವ ಕೊಳವೆ) ಇರಲೇಬೇಕು. ಹಳೆಯ ಸಪುರದ ನೇರ ಹೆಡ್‌ಟ್ಯೂಬಿಗೆ ಈಗಿನ ಒಳ್ಳೆಯ ಫೋರ್ಕ್ ಹೆಚ್ಚಾಗಿ ಕೂರುವುದಿಲ್ಲ. ಫೋರ್ಕ್ 130-140 ಮಿ.ಮೀ. ಕುಗ್ಗುವಂಥದ್ದು, ಏರ್ ಸ್ಪ್ರಿಂಗ್, ಚಿಮ್ಮುವ ವೇಗ ಹೊಂದಿಸುವ ರೀಬೌಂಡ್ ನಾಬ್, 15 ಮಿ.ಮೀ. ಥ್ರೂ ಆಕ್ಸಲ್ (ಚಕ್ರದ ನಡುವೆ ತೂರುವ ದಪ್ಪ ಅಚ್ಚು). 100 ಮಿ.ಮೀ. ಫೋರ್ಕಿಗೆಂದು ಮಾಡಿದ ಫ್ರೇಮ್ ಕೊಂಡು ಆಮೇಲೆ 140 ಹಾಕುವ ಉಪಾಯ ಬೇಡ. ಪ್ರತಿ 20 ಮಿ.ಮೀ.ಗೆ ಹೆಡ್ ಆ್ಯಂಗಲ್ (ಹೆಡ್‌ಟ್ಯೂಬಿನ ಓರೆ) ಸುಮಾರು ಒಂದು ಡಿಗ್ರಿ ಮಲಗುತ್ತದೆ, ಹೆಚ್ಚಿನ ಹೊರೆಯೆಲ್ಲ ಹೆಡ್‌ಟ್ಯೂಬಿನ ವೆಲ್ಡಿಗೆ ಬೀಳುತ್ತದೆ.

ಹೆಚ್ಚು ತಲೆ ಕೆಡಿಸಿದ್ದು ಬ್ರೇಕ್. ಹೈಡ್ರಾಲಿಕ್ ಅನ್ನುವುದರಲ್ಲಿ ಎರಡು ಮಾತಿಲ್ಲ, ಆದರೆ ಆಯಿಲ್ ಯಾವುದು? ಡಾಟ್ ದ್ರವ ಗಾಳಿಯ ತೇವ ಹೀರುತ್ತದೆ. ಹಾಗಾದಾಗ ಅದರ ಕುದಿಬಿಂದು ಇಳಿದು, ಉದ್ದದ ಇಳಿಜಾರಿನಲ್ಲಿ ಲಿವರ್ ಮೆತ್ತಗಾಗಿ ಹ್ಯಾಂಡಲಿಗೆ ತಾಗುತ್ತದೆ. ಆಟಿ ತಿಂಗಳ ಮಳೆಯ ಹವೆಯಲ್ಲಿ ಇದನ್ನು ನಂಬುವುದಕ್ಕಿಂತ ಶಿಮಾನೊ ತರಹದ ಮಿನರಲ್ ಆಯಿಲ್ ವಾಸಿ. ಮುಂದೆ ನಾಲ್ಕು ಪಿಸ್ಟನ್, ಫೋರ್ಕ್ ಒಪ್ಪಿದರೆ 203 ಮಿ.ಮೀ. ರೋಟರ್ (ಬ್ರೇಕ್ ಡಿಸ್ಕ್), ಹಿಂದೆ ಎರಡು ಪಿಸ್ಟನ್ ನಡೆದೀತು. ರೋಟರ್ ಮೇಲಿನ ಸಣ್ಣಕ್ಷರವನ್ನು ಓದಲೇಬೇಕು: ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಇದ್ದರೆ ಮೆಟಲ್ ಪ್ಯಾಡ್ ಹಾಕುವಂತಿಲ್ಲ, ರೋಟರನ್ನೇ ತಿಂದುಬಿಡುತ್ತದೆ. ಮಳೆಗಾಲದ ಕೆಂಪು ರಾಡಿಗೆ ರೆಸಿನ್ ಪ್ಯಾಡ್ ಬೇಗ ಸವೆಯುವುದರಿಂದ ಇಲ್ಲಿಗೆ ಮೆಟಲ್ ಬೇಕು.

ಹಳೆಯದನ್ನು ನೋಡುವಾಗ ಮುಂದಿನ ಬ್ರೇಕ್ ಹಿಡಿದು, ಹೆಡ್‌ಸೆಟ್ (ಹೆಡ್‌ಟ್ಯೂಬಿನ ಬೇರಿಂಗ್) ಸಂದಿಗೆ ಬೆರಳಿಟ್ಟು, ಸೈಕಲ್ ಹಿಂದೆ ಮುಂದೆ ಅಲುಗಿಸಿ ಸಂದಿ ಆಡುತ್ತದೆಯೇ ನೋಡಬೇಕು. ಫೋರ್ಕಿನ ಸೀಲಿನ ಮೇಲ್ಗಡೆ ಸ್ಟ್ಯಾಂಚನ್ (ಒಳಗೆ ಜಾರುವ ನುಣುಪು ಕೊಳವೆ) ಮೇಲೆ ಉಗುರು ಎಳೆಯಿರಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಆಯಿಲ್ ಸೋರುವ ಸಂಭವ ಹೆಚ್ಚು. ಹೆಚ್ಚಿನ ಫೋರ್ಕ್‌ಗಳಲ್ಲಿ ಸ್ಟ್ಯಾಂಚನ್ನು ಕ್ರೌನಿಗೆ (ಫೋರ್ಕಿನ ತಲೆಗೆ) ಒತ್ತಿ ಕೂರಿಸಿರುವುದರಿಂದ ಮೇಲಿನ ಜೋಡಣೆ ಇಡೀ ಬದಲಿಸಬೇಕು. ಸೈಕಲ್ ಮಗುಚಿ ಡೌನ್‌ಟ್ಯೂಬಿನ ಅಡಿ, ಚೈನ್‌ಸ್ಟೇಯಲ್ಲಿ (ಹಿಂಚಕ್ರಕ್ಕೆ ಹೋಗುವ ಕೆಳಗಿನ ಕೊಳವೆಗಳಲ್ಲಿ) ಬಿರುಕು ಹುಡುಕಬೇಕು. ಕಡಲ ಗಾಳಿಯಲ್ಲಿ ನಿಂತ ಸೈಕಲ್ಲಾದರೆ ಸೀಟ್‌ಪೋಸ್ಟ್ ಬಿಚ್ಚಿ ಎಳೆದು ನೋಡದೆ ದುಡ್ಡು ಕೊಡಬಾರದು. ಉಪ್ಪಿಗೆ ಫ್ರೇಮಿನೊಳಗೆ ಕಚ್ಚಿಕೊಂಡದ್ದನ್ನು ತೆಗೆಯುವಷ್ಟರಲ್ಲಿ ಫ್ರೇಮೇ ಹಾಳಾದೀತು.

ಟೈರು 2.4 ಇಂಚು, ಟ್ಯೂಬ್‌ಲೆಸ್. ಬೇಸಿಗೆಯ ಮುರಕಲ್ಲಿನ ಹರಳು ಗೋಲಿಯ ಹಾಗೆ ಉರುಳುವುದರಿಂದ ಟೈರಿನ ಅಂಚಿನ ರಬ್ಬರ್ ಗುಬ್ಬಿಗಳು ದಪ್ಪ ಇರಬೇಕು. 70 ಕೆ.ಜಿ. ಸವಾರನಿಗೆ ಮುಂದೆ 22, ಹಿಂದೆ 25 ಪಿಎಸ್‌ಐಯಿಂದ ಶುರು. ಟೈರಿನೊಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಸೆಕೆಗೆ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಬೇಕು.

ಬಾಕಿ: ಸೈಜ್ ಎಂ ಅಥವಾ ಎಲ್ ನಿರ್ಧಾರ, ಡ್ರಾಪರ್ ಪೋಸ್ಟ್ (ಲಿವರ್ ಒತ್ತಿ ಸೀಟು ತಗ್ಗಿಸುವ ಸೀಟ್‌ಪೋಸ್ಟ್). ಡ್ರಾಪರ್ ಈ ಲೆಕ್ಕದಲ್ಲಿ ಹಿಡಿಯದಿದ್ದರೆ ಸದ್ಯಕ್ಕೆ ಕ್ವಿಕ್ ರಿಲೀಸ್ ಕ್ಲ್ಯಾಂಪ್ ಹಾಕಿ, ಇಳಿಯುವ ಮೊದಲು ಸೀಟು ಕೈಯಲ್ಲೇ ತಗ್ಗಿಸುವುದು.