ಆರ್ದ್ರೆಯ ಕಾಂತಿ ದಾಖಲೆ: ಈ ಚಳಿಗಾಲದವರೆಗಿನ ಪ್ರಗತಿ

ಮಹಾವ್ಯಾಧ ಪುಂಜದ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್, ಎಷ್ಟು ಬೆಳಗುತ್ತಿದೆ ಎಂಬುದನ್ನು ಬರಿಗಣ್ಣಿನಿಂದ ಅಂದಾಜಿಸಿ ಬರೆದಿಡುವ ಕೆಲಸ ಶ್ರೀರಂಗಪಟ್ಟಣದ ಬಳಿಯ ನಮ್ಮ ತಾರಸಿಯಲ್ಲಿ ಈ ಚಳಿಗಾಲವೂ ಮುಂದುವರಿದಿದೆ. ಈ ಕೆಂಪು ಅತಿದೈತ್ಯ ತಾರೆಯ ಕಾಂತಿ ಸ್ಥಿರವಲ್ಲವೆಂದು ಜಾನ್ ಹರ್ಷೆಲ್ 1836ರಲ್ಲೇ ಗುರುತಿಸಿದ್ದರು. ತಾರೆಯೇ ಹಿಗ್ಗಿ ಕುಗ್ಗುವುದರಿಂದ ಸುಮಾರು 400 ದಿನಗಳ ಏರಿಳಿತವೊಂದು ಕಾಣುತ್ತದೆ. ನನಗೆ ಬೇಕಿರುವುದು ಅದರೊಂದಿಗೆ ಬೆರೆತಿರುವ, ಸುಮಾರು 2,100 ದಿನಗಳ ನಿಧಾನದ ಏರಿಳಿತ.

ಸಂಗಾತಿ ತಾರೆಯೊಂದು ಸುತ್ತುತ್ತಾ ಧೂಳನ್ನು ಸರಿಸುವುದೇ ಇದಕ್ಕೆ ಕಾರಣವಿರಬಹುದೆಂಬ ವಾದ 2024ರಲ್ಲಿ ಬಂದಿತು. 2025ರ ಜುಲೈಯಲ್ಲಿ, ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಲ್ಲಿ ಆರ್ದ್ರೆಗಿಂತ ಆರು ಕಾಂತಿಮಾನದಷ್ಟು (ಕಾಂತಿಮಾನ ತಾರೆಯ ಬೆಳಕಿನ ಅಳತೆ; ಅಂಕಿ ಹೆಚ್ಚಿದಷ್ಟೂ ತಾರೆ ಮಂಕು), ಎಂದರೆ ಸುಮಾರು 250 ಪಟ್ಟು, ಮಂಕಾದ ಚುಕ್ಕೆಯೊಂದು ಸಿಕ್ಕಿದೆಯೆಂದು ಪ್ರಕಟವಾಯಿತು. ಆ ಸುಳಿವು ದುರ್ಬಲವಾದ್ದರಿಂದ ನಾನು ಇನ್ನೂ ‘ಸಂಭಾವ್ಯ ಸಂಗಾತಿ’ ಎಂದೇ ಬರೆಯುತ್ತಿದ್ದೇನೆ.

ಹೋಲಿಕೆಗೆ ರೋಹಿಣಿ (ಕಾಂತಿಮಾನ ಸುಮಾರು 0.9), ಪ್ರೊಸಿಯಾನ್ (ಸುಮಾರು 0.4) ಮತ್ತು ಪುನರ್ವಸುವಿನ ಪೊಲಕ್ಸ್ (ಸುಮಾರು 1.1) ಇವೆ. ಬಣ್ಣ ಹತ್ತಿರವಾದ್ದರಿಂದ ರೋಹಿಣಿಯನ್ನೇ ಹೆಚ್ಚು ನೆಚ್ಚುತ್ತೇನೆ. ಕೆಂಪು ತಾರೆಯನ್ನು ದಿಟ್ಟಿಸಿದಷ್ಟೂ ಅದು ಇರುವುದಕ್ಕಿಂತ ಹೆಚ್ಚು ಬೆಳಗಿದಂತೆ ತೋರುವುದರಿಂದ, ಎರಡರ ನಡುವೆ ಕಣ್ಣನ್ನು ಚುರುಕಾಗಿ ಆಡಿಸಿ ನಿರ್ಧರಿಸಬೇಕು. ನಮ್ಮ ಅಕ್ಷಾಂಶದಲ್ಲಿ ಆರ್ದ್ರೆ ನಡುನೆತ್ತಿಯಿಂದ ಐದು ಡಿಗ್ರಿಯಷ್ಟು ಮಾತ್ರ ದಕ್ಷಿಣಕ್ಕೆ ಹಾದುಹೋಗುವುದು ಯೂರೋಪಿನ ವೀಕ್ಷಕರಿಗಿಲ್ಲದ ಅನುಕೂಲ. ಆದರೆ ಆಲೆಮನೆಯ ಹೊಗೆ ಒಂದೇ ದಿಕ್ಕಿನಲ್ಲಿ ಕವಿದ ರಾತ್ರಿ ಅಂದಾಜನ್ನೇ ಬರೆಯುವುದಿಲ್ಲ. ಬೆಲ್ಲದ ಪರಿಮಳ ಬಂದರೆ ಪುಸ್ತಕ ಮುಚ್ಚುವುದು ವಾಸಿ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಪಂಚಾಂಗದಲ್ಲಿದೆ. ಜೂನ್ 22ರ ಸುಮಾರಿಗೆ ಸೂರ್ಯ ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸಿ, ಊರಿನವರು ಆರಿದ್ರಾ ಮಳೆಯ ಲೆಕ್ಕ ಹಾಕುವ ಹೊತ್ತಿಗೆ ತಾರೆ ಹಗಲಿನ ಆಕಾಶದಲ್ಲಿದ್ದು, ದಾಖಲೆಯಲ್ಲಿ ಖಾಲಿ ಜಾಗ ಬೀಳುತ್ತದೆ. 400 ದಿನಗಳ ಆವರ್ತದಲ್ಲಿ ಈ ಖಾಲಿ ಜಾಗ ವರ್ಷಕ್ಕೆ 35 ದಿನಗಳಷ್ಟೇ ಸರಿಯುವುದರಿಂದ, ಅದೇ ಹಂತ ಹಲವು ವರ್ಷ ಸತತವಾಗಿ ದಾಖಲೆಯಿಂದ ತಪ್ಪಿಹೋಗುತ್ತದೆ. ಚಿಕ್ಕ ಏರಿಳಿತವೇ ಹೀಗೆ ಹರಿದಿರುವಾಗ ಅದನ್ನು ಕಳೆದು ದೊಡ್ಡದನ್ನು ಬೇರ್ಪಡಿಸಲು ನನ್ನೊಬ್ಬನ ಅಂಕಿಗಳು ಸಾಲವು. ಆದ್ದರಿಂದ ತಿಂಗಳ ಸರಾಸರಿಗಳನ್ನು ಎಎವಿಎಸ್‌ಒ (ಕಾಂತಿ ಬದಲಾಗುವ ತಾರೆಗಳ ವೀಕ್ಷಕರ ಅಮೆರಿಕನ್ ಸಂಘ) ಸಂಗ್ರಹದ ದೀರ್ಘ ದಾಖಲೆಯ ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. ಅದರಲ್ಲಿ 2020ರ ಫೆಬ್ರುವರಿಯಲ್ಲಿ ಕಾಂತಿಮಾನ 1.6ರವರೆಗೆ ಕುಸಿದ ಭಾಗವನ್ನು ಹೊರಗಿಟ್ಟಿದ್ದೇನೆ. ಅದು ತಾರೆಯೇ ಉಗುಳಿದ ಧೂಳಿನ ಕೆಲಸವೇ ಹೊರತು ಸಂಗಾತಿಯದಲ್ಲ.

ಸಂಗಾತಿ ಮತ್ತೆ ಗರಿಷ್ಠ ದೂರಕ್ಕೆ ಸರಿಯುವುದು 2027ರ ನವೆಂಬರ್‌ನಲ್ಲಿ ಎಂದು ನಿರೀಕ್ಷೆಯಿದೆ. ಸದ್ಯಕ್ಕೆ ಏಪ್ರಿಲ್ ಸಂಜೆಗಳ ಸಿದ್ಧತೆ ನಡೆದಿದೆ: ಆಗ ಪಶ್ಚಿಮದಲ್ಲಿ ರೋಹಿಣಿ ಆರ್ದ್ರೆಗಿಂತ ಕೆಳಗಿರುವುದರಿಂದ, ಗಾಳಿಯಲ್ಲಿ ಕಳೆದುಹೋಗುವ ಬೆಳಕಿನ ತಿದ್ದುಪಡಿಗೆಂದು ಪುಸ್ತಕದಲ್ಲಿ ಬೇರೆ ಕಾಲಂ ಹಾಕಿದ್ದೇನೆ.