ಮೋಟರ್ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ: ಹಳೆಯ ಜಿಪಿ-9ರ ದುರಸ್ತಿ

ಮೊದಲ ತಪಾಸಣೆ

ಮೇಜಿನ ಮೇಲಿರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಮಾದರಿ ರೈಲಿನ ಎಚ್‌ಒ ಎಂಜಿನ್, ಅಂದರೆ 1:87 ಪ್ರಮಾಣದ ಜಿಪಿ-9. ಅಸಲಿ ಜಿಪಿ-9 ಅಮೆರಿಕದಲ್ಲಿ 1954ರಲ್ಲಿ ಹಳಿಗಿಳಿದ, 1,750 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಅದನ್ನು ರೂಪಿಸಿದ್ದು ಇಎಂಡಿ ಎಂಬ ಅಮೆರಿಕದ ರೈಲು ಎಂಜಿನ್ ಕಂಪನಿ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನುಗಳ ವಿನ್ಯಾಸವೂ ಇಎಂಡಿಯದೇ ಆದ್ದರಿಂದ ಈ ಮುದುಕನ ಮೇಲೆ ನನಗೊಂದು ಮಮತೆ.

ಮಾರಿದವರು “ಸ್ವಲ್ಪ ಜಾರುತ್ತದೆ, ಗಾಲಿ ಒರೆಸಿದರೆ ಸರಿಹೋಗುತ್ತದೆ” ಎಂದಿದ್ದರು. ಗಾಲಿಗಳು ಮೊದಲೇ ಸ್ವಚ್ಛವಾಗಿದ್ದವು. ಒಂಟಿಯಾಗಿ ಓಡಿಸಿದರೆ ಎಂಜಿನ್ ಹೇಗೋ ಸಾಗುತ್ತಿತ್ತು. ಹಿಂದೆ ನಾಲ್ಕು ವ್ಯಾಗನ್ ಜೋಡಿಸಿದ ಕೂಡಲೇ ಮೋಟರ್ ಗುಂಯ್ ಎನ್ನುತ್ತಿತ್ತು, ಎಂಜಿನ್ ಮಾತ್ರ ನಿಂತಲ್ಲೇ ನಿಲ್ಲುತ್ತಿತ್ತು. ಇದರ ಜೊತೆಗೆ ಟಕ್, ಟಕ್ ಎಂಬ ಸದ್ದು.

ಏನನ್ನೂ ಬಿಚ್ಚುವ ಮೊದಲು ಆ ಸದ್ದನ್ನು ಅಳೆದೆ. ಹಳಿಯ ಪಕ್ಕ ಸ್ಕೇಲ್ ಇಟ್ಟು ಎಂಜಿನ್ನನ್ನು ತೀರಾ ನಿಧಾನವಾಗಿ ಓಡಿಸಿದರೆ, ಹೆಚ್ಚುಕಡಿಮೆ 37 ಮಿ.ಮೀ.ಗೆ ಒಂದರಂತೆ ಟಕ್ ಕೇಳಿಸುತ್ತದೆ. ಜಿಪಿ-9ರ ಗಾಲಿ 40 ಅಂಗುಲದ್ದು. 87ರಿಂದ ಭಾಗಿಸಿದರೆ ವ್ಯಾಸ 11.7 ಮಿ.ಮೀ., ಸುತ್ತಳತೆ ಸುಮಾರು 37. ಗಾಲಿ ಒಂದು ಸುತ್ತು ತಿರುಗಿದಾಗಲೆಲ್ಲ ಒಂದೇ ಟಕ್ ಎಂದರೆ ದೋಷ ಇರುವುದು ಆಕ್ಸಲ್ಲಿನ ಮೇಲಿನ ಗೇರಿನಲ್ಲಿಯೇ. ಮೋಟರ್ ಕಡೆಯ ದೋಷವಾಗಿದ್ದರೆ ಸದ್ದು ಇದಕ್ಕಿಂತ ಬಹಳ ಬೇಗ ಬೇಗ ಬರಬೇಕು.

ಇನ್ನೊಂದು ಪರೀಕ್ಷೆಗೆ ಬೆರಳೊಂದೇ ಸಾಕು. ವರ್ಮ್ ಗೇರ್, ಅಂದರೆ ಸ್ಕ್ರೂವಿನಂತೆ ಸುರುಳಿ ಹಲ್ಲಿನ ಗೇರ್ ಇರುವ ಇಂಥ ಎಂಜಿನ್ನಿನಲ್ಲಿ ಮೋಟರ್ ಗಾಲಿಯನ್ನು ತಿರುಗಿಸಬಹುದು, ಗಾಲಿ ಮೋಟರನ್ನು ತಿರುಗಿಸಲಾರದು. ಎಲ್ಲ ಸರಿಯಿದ್ದರೆ ಬೆರಳಿನಿಂದ ಎಷ್ಟು ಒತ್ತಿದರೂ ಗಾಲಿ ಕದಲಬಾರದು. ಇದರ ಎಂಟು ಗಾಲಿಗಳಲ್ಲಿ ಐದು ಆರಾಮಾಗಿ ತಿರುಗಿದವು.

ತಳ ಬಿಚ್ಚಿದ ಮೇಲೆ

ಹೊದಿಕೆಯನ್ನೂ ಮೋಟರನ್ನೂ ಮುಟ್ಟುವ ಅಗತ್ಯವಿರಲಿಲ್ಲ. ಸ್ಪಂಜಿನ ತೊಟ್ಟಿಲಿನಲ್ಲಿ ಎಂಜಿನ್ನನ್ನು ಅಂಗಾತ ಮಲಗಿಸಿ, ಟ್ರಕ್ಕಿನ (ಗಾಲಿಗಳನ್ನು ಹಿಡಿದಿರುವ ಚೌಕಟ್ಟಿನ) ತಳದ ಪ್ಲಾಸ್ಟಿಕ್ ಮುಚ್ಚಳವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿದರೆ ಗಾಲಿಗಳು ಆಕ್ಸಲ್ ಸಮೇತ ಕೈಗೆ ಬರುತ್ತವೆ.

ಇಲ್ಲಿ ಆಕ್ಸಲ್ ಒಂದೇ ಸರಳಲ್ಲ. ಎಡಗಾಲಿಗೊಂದು, ಬಲಗಾಲಿಗೊಂದು ಅರ್ಧ ಸರಳು; ಎರಡನ್ನೂ ಪ್ಲಾಸ್ಟಿಕ್ ಗೇರಿನ ಕೊಳವೆಗೆ ಎರಡು ಕಡೆಯಿಂದ ಬಿಗಿಯಾಗಿ ತುರುಕಿರುತ್ತಾರೆ. ಎರಡು ಹಳಿಗಳ ವಿದ್ಯುತ್ತನ್ನು ಬೇರ್ಪಡಿಸುವುದೂ ಇದೇ ಪ್ಲಾಸ್ಟಿಕ್ಕು. ಆ ಬಿಗಿಯೇ ಅದಕ್ಕೆ ಮುಳುವು. ವರ್ಷಗಟ್ಟಲೆ ಒಳಗಿನಿಂದ ಹಿಗ್ಗಿಸುವ ಒತ್ತಡ ತಾಳಲಾರದೆ ಕೊಳವೆ ಉದ್ದಕ್ಕೂ ಸೀಳುತ್ತದೆ. ಎಂಜಿನ್ ಓಡದೆ ಪೆಟ್ಟಿಗೆಯಲ್ಲೇ ಇದ್ದರೂ ಸೀಳುತ್ತದೆ. ಬಿರುಕು ಎರಡು ಹಲ್ಲುಗಳ ನಡುವಿನ ಸಂದಿಗೆ ತಲುಪಿದಾಗ ಆ ಸಂದಿ ಅಗಲವಾಗಿ, ಪಕ್ಕದ ಗೇರ್ ಅಲ್ಲಿ ಎಡವುತ್ತದೆ. ಟಕ್ ಸದ್ದು ಅದೇ. ಕೊನೆಗೆ ಸರಳಿನ ಮೇಲೆ ಗೇರ್ ಬರಿದೇ ತಿರುಗತೊಡಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ನಾಲ್ಕರಲ್ಲಿ ಮೂರು ಗೇರುಗಳು ಸೀಳಿದ್ದವು. ಹಲ್ಲುಗಳು ಮಾತ್ರ ಹೊಸದರಂತಿದ್ದವು.

ಬಿಗಿ ತಪ್ಪಿದ ಮೇಲೆ ಎರಡು ಗಾಲಿಗಳ ನಡುವಿನ ಅಂತರವೂ ಬದಲಾಗುತ್ತದೆ. ಹಳಿ ಕವಲೊಡೆಯುವ ಪಾಯಿಂಟುಗಳಲ್ಲಿ ಎಂಜಿನ್ ಹಳಿ ತಪ್ಪಿದಾಗ ಹಳಿಯನ್ನು ಬೈಯುವ ಮೊದಲು ಇದನ್ನೊಮ್ಮೆ ಅಳೆಯುವುದು ಒಳ್ಳೆಯದು.

ಅಂಟಿನ ಮಾತು

ಸೂಪರ್ ಗ್ಲೂ ಹಾಕಿ ಎಂಬ ಸಲಹೆ ಎಲ್ಲರಿಂದಲೂ ಬರುತ್ತದೆ. ನಾನು ಹಾಕುವುದಿಲ್ಲ. ಇಂಥ ಗೇರುಗಳ ಜಿಡ್ಡು ಜಿಡ್ಡಾದ ಪ್ಲಾಸ್ಟಿಕ್ ಅಂಟನ್ನು ಹಿಡಿಯುವುದಿಲ್ಲ. ಹಿಡಿದರೂ ಹಲ್ಲುಗಳ ಸಂದಿ ಅಗಲವಾಗಿಯೇ ಉಳಿಯುತ್ತದೆ, ಎಡವುವುದು ತಪ್ಪುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರೋಬಾಟ್ ಕಿಟ್ಟುಗಳ ಗೇರುಗಳನ್ನೂ ನೋಡಿ ಬಂದೆ. ಹಲ್ಲಿನ ಗಾತ್ರ ಕೂಡುವುದಿಲ್ಲ, ಸರಳಿನ ರಂಧ್ರವೂ ಬೇರೆ. ಹಾಗಾಗಿ ವಿದೇಶದಿಂದಲೇ ತರಿಸಿದೆ. ಗೇರಿಗಿಂತ ಅಂಚೆಯ ಖರ್ಚೇ ಹೆಚ್ಚು. ಬಿರುಕು ಬಿಡದ ನಾಲ್ಕನೆಯದಕ್ಕೂ ಸೇರಿಸಿಯೇ ತರಿಸಿದ್ದೇನೆ. ಅದೂ ಅದೇ ಅಚ್ಚಿನಲ್ಲಿ ಹುಟ್ಟಿದ ಕೂಸು, ಇಂದಲ್ಲ ನಾಳೆ ಸೀಳುವುದೇ.

ಜೋಡಣೆ

ಅರ್ಧ ಸರಳುಗಳ ತುದಿಯಲ್ಲಿ ಹಿಡಿತಕ್ಕೆಂದು ಗೀರುಗಳಿದ್ದವು. ಅವುಗಳ ಚೂಪನ್ನು ನಯವಾದ ಮರಳು ಕಾಗದದಿಂದ ಸ್ವಲ್ಪ ತಗ್ಗಿಸಿದೆ. ಹೊಸ ಗೇರಿಗೆ ಹಳೆಯ ಗತಿ ಬರಬಾರದು. ವೈಸಿನ ದವಡೆಗೆ ಮರದ ತುಂಡು ಕೊಟ್ಟು, ಎರಡೂ ಕಡೆಯಿಂದ ಸಮವಾಗಿ ಒತ್ತುತ್ತ ಹೋಗಬೇಕು. ಗೇರ್ ನಡುಮಧ್ಯದಲ್ಲಿರಬೇಕು. ಗಾಲಿಗಳ ಒಳಮುಖಗಳ ನಡುವೆ ಸುಮಾರು 14.5 ಮಿ.ಮೀ. ಇರಬೇಕು. ಒಳಗೆ ಸರಳುಗಳ ತುದಿಗಳು ಒಂದಕ್ಕೊಂದು ತಾಗಬಾರದು, ತಾಗಿದರೆ ಶಾರ್ಟ್ ಸರ್ಕ್ಯೂಟ್. ಮಲ್ಟಿಮೀಟರಿನಿಂದ ಪ್ರತಿ ಆಕ್ಸಲ್ಲನ್ನೂ ಪರೀಕ್ಷಿಸಿ, ಗಾಜಿನ ಮೇಲೆ ಉರುಳಿಸಿ ಓಲಾಡುತ್ತದೆಯೇ ಎಂದು ನೋಡಿ ಒಳಗಿಟ್ಟೆ. ಉಗಿ ಎಂಜಿನ್ನಾಗಿದ್ದರೆ ಎರಡೂ ಬದಿಯ ಗಾಲಿಗಳ ಕೋನ ಹೊಂದಿಸುವ ತಲೆನೋವೂ ಸೇರುತ್ತಿತ್ತು.

ಮೇಣದಂತೆ ಗಟ್ಟಿಯಾಗಿದ್ದ ಹಳೆಯ ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಪ್ಲಾಸ್ಟಿಕ್ಕಿಗೆ ಒಗ್ಗುವ ತೆಳು ಗ್ರೀಸ್ ಸವರಿದೆ. ಬಹಳ ಹಾಕಿದರೆ ಗಾಲಿಗೆ ಇಳಿದು, ನಿಜವಾಗಿಯೂ ಜಾರುವ ಎಂಜಿನ್ ಸಿಗುತ್ತದೆ.

ಈಗಿನ ಸ್ಥಿತಿ

ಟಕ್ ಸದ್ದು ನಿಂತಿದೆ. ಮೊದಲು ಗಾಲಿಯ ಸುತ್ತಿಗೊಮ್ಮೆ ಜಿಗಿಯುತ್ತಿದ್ದ ಆಂಪಿಯರ್ ಅಂಕಿ ಈಗ ಸ್ಥಿರವಾಗಿದೆ. 12 ವೋಲ್ಟಿನ ಮೋಟರ್ ಮೂರು ವೋಲ್ಟಿಗೇ ಎಂಜಿನ್ನನ್ನು ತೆವಳಿಸುತ್ತದೆ. ಹತ್ತು ವ್ಯಾಗನ್ನುಗಳನ್ನು ತಿರುವಿನಲ್ಲೂ ಎಳೆಯಿತು. ಹಿಮ್ಮುಖ ಓಟದಲ್ಲಿ ಮಾತ್ರ ಸಣ್ಣದೊಂದು ಗೊರಗೊರ ಉಳಿದಿದೆ. ಹಿಂದಿನ ವರ್ಮ್ ತನ್ನ ಬೇರಿಂಗುಗಳ ನಡುವೆ ಮುಂದಕ್ಕೂ ಹಿಂದಕ್ಕೂ ಸರಿದಾಡುತ್ತಿದೆ ಎಂದು ನನ್ನ ಅನುಮಾನ. ತೆಳು ವಾಷರ್ ಸಿಕ್ಕಿದ ಮೇಲೆ ಆ ಟ್ರಕ್ಕಿನ ಮೇಲ್ಭಾಗ ಬಿಚ್ಚುತ್ತೇನೆ.